ಆಸ್ಪತ್ರೆಯ ಅಜ್ಜನ ಉಗುರು

ಅಪ್ಪಾ,

ನೀವು ತೀರಿಕೊಂಡು ಏಳು ತಿಂಗಳಾಯಿತು. ಆದರೂ ಏನಾದರೂ ನಡೆದರೆ ಮೊದಲು ನಿಮಗೇ ಹೇಳಬೇಕೆನಿಸುತ್ತದೆ.

ಮಿಷನರಿ ತರಬೇತಿಯವರು ಇವತ್ತು ನನ್ನನ್ನು ಮೊದಲ ಸಲ ಒಬ್ಬಳನ್ನೇ ಆಸ್ಪತ್ರೆಗೆ ಕಳಿಸಿದ್ದರು. ಈ ದೇಶದ ಭಾಷೆಯಲ್ಲಿ ಒಂದು ಪ್ರಾರ್ಥನೆಯನ್ನು ವಾರವಿಡೀ ಬಾಯಿಪಾಠ ಮಾಡಿದ್ದೆ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜನ ಬಳಿ ಕೂತು ಬೈಬಲ್ ತೆರೆದೆ.

"ಪ್ರಾರ್ಥನೆ ಆಮೇಲೆ ಮಾಡೋಣಮ್ಮ. ಮೊದಲು ಈ ಉಗುರು ಕತ್ತರಿಸ್ತೀಯಾ? ನನ್ನ ಕೈ ನಡುಗುತ್ತೆ," ಎಂದು ಅಜ್ಜ ನನಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು.

ನರ್ಸ್ ಹತ್ತಿರ ನೇಲ್‌ಕಟರ್ ಇಸಕೊಂಡು ಬಂದೆ. ಹತ್ತೂ ಬೆರಳು ಮುಗಿಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಪ್ರಾರ್ಥನೆ ಹಾಗೇ ಉಳಿಯಿತು.

ತರಬೇತಿಯ ಗುರುಗಳಿಗೆ ನಡೆದದ್ದನ್ನು ಹೆದರುತ್ತಲೇ ಹೇಳಿದೆ. ಅವರು ನಕ್ಕು, "ಅಪ್ಪನಿಗೆ ಮಾಡಿ ಅಭ್ಯಾಸ ಇರಬೇಕು," ಎಂದರು.

ಹೂಂ ಎಂದುಬಿಟ್ಟೆ.

ಕೊನೆಯ ದಿನಗಳಲ್ಲಿ ನಿಮ್ಮ ಉಗುರು ಯಾರು ಕತ್ತರಿಸುತ್ತಿದ್ದರೆಂದು, ಊರಲ್ಲಿ ನಿಮ್ಮ ಜೊತೆಗಿದ್ದ ಅಕ್ಕನನ್ನು ನಾನಿನ್ನೂ ಕೇಳಿಲ್ಲ.