ಹದಿಮೂರು ಬಂದ ಹುಡುಗಿ

೨೮ ಡಿಸೆಂಬರ್ ೧೯೮೪, ಖಾನಾಪುರ

ಮೂರು ದಿನದಿಂದ ಓಣಿಯಲ್ಲಿ ತಲೆಯೆತ್ತಿ ನಡೆದಿರಲಿಲ್ಲ. ಅಣ್ಣನ ಮಗಳು ಕುಂದಾ ಜರ್ಮನಿಯಿಂದ ರಜೆಗೆ ಬಂದಿದ್ದಾಳೆ. ಅಲ್ಲಿ ಹೈಸ್ಕೂಲಿನ ಕೊನೆಯ ವರ್ಷ. ಗಣಿತದಲ್ಲಿ ಎಷ್ಟು ಬಂತೆಂದು ನಿವೃತ್ತ ಹೆಡ್‌ಮಾಸ್ತರ ಪಂಢರಿನಾಥರು ಕೇಳಿದರೆ, ನಗುತ್ತಾ "ಹದಿಮೂರು" ಅಂದಿದ್ದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಹುಡುಗಿ ನೊಂದುಕೊಂಡಾಳೆಂದು ನಾನೂ ಏನೂ ಕೇಳಲಿಲ್ಲ.

ಇವತ್ತು ಮಾಸ್ತರರು ಸಮಾಧಾನ ಹೇಳಲು ಬಂದರು. "ಫೈನಲ್ ಪರೀಕ್ಷಾದಾಗ ಎಲ್ಲಾ ಸರಿ ಮಾಡ್ಕೋ, ತಂಗಿ."

ಕುಂದಾ ಕಣ್ಣರಳಿಸಿದಳು. "ಅಜ್ಜಾರ, ಅಲ್ಲೆ ಹದಿನೈದಕ್ಕ ಮಾರ್ಕ್ಸ್ ಕೊಡ್ತಾರ್ರಿ! ಗಣಿತ, ಇತಿಹಾಸ ನಾನ ಆರಿಸಿಕೊಂಡ ಮುಖ್ಯ ವಿಷಯ. ಕಡೀ ಎರಡು ವರ್ಷ ಕ್ಲಾಸಿನ್ಯಾಗ ಗಳಿಸಿದ್ದೂ ರಿಸಲ್ಟಿಗೆ ಕೂಡತದ. ಫೈನಲ್ ಪರೀಕ್ಷಾಕ್ಕ ಉಳಿಯೂದು ಮೂರರಾಗ ಒಂದು ಪಾಲು ಅಷ್ಟ."

ಮಾಸ್ತರರು ಬೆರಳೆಣಿಸಿದರು. "ಅಂದ್ರ ನೂರಕ್ಕ ಎಂಬತ್ತಾರರ ಮ್ಯಾಲ! ಅದೂ ಪರೀಕ್ಷಾ ಕೊಡೂಕಿಂತ ಮೊದಲ!"

ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ತಾವು ಹಬ್ಬಿಸಿದ್ದನ್ನು ತಾವೇ ಮನೆಮನೆಗೆ ಹೋಗಿ ತಿದ್ದಿದರು. ನಾನು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಮುಖವನ್ನೂ ಕಣ್ತುಂಬ ನೋಡಿದೆ.

ಮದುವೆಯಾದಾಗಿನಿಂದ ನನ್ನ ಸಾರನ್ನು ಒಮ್ಮೆಯೂ ಹೊಗಳದ ನಮ್ಮ ಮನೆಯವರು, ಈಗ ಉಂಡು ಕೈ ತೊಳೆಯುತ್ತಾ "ಹದಿಮೂರು" ಅಂದರು.

ಉಳಿದೆರಡು ಎಲ್ಲಿ ಹೋದವು? ನಾಳೆ ಕೇಳದೆ ಬಿಡುವುದಿಲ್ಲ.