ಒಂಬತ್ತು ಸೆಕೆಂಡು

ಸುನ್ನಿವಾ,

ಬೆಳಿಗ್ಗೆ ನಿನ್ನ ಸಮಾಧಿಯ ಮೇಲಿನ ಹಿಮ ಗುಡಿಸಿ, ಅಲ್ಲಿಂದ ನೇರವಾಗಿ ಸ್ಕೀ ತಂಡದ ಈ ಋತುವಿನ ಮೊದಲ ಪರೀಕ್ಷೆಗೆ ಹೋದೆ, ಮುಂದೆ ತಲೆಗೆ ಪೆಟ್ಟಾದಾಗ ಹೋಲಿಸಿ ನೋಡಲು ಬರೆದಿಡುವ ಅದೇ ಪರೀಕ್ಷೆ. ಗಡಿಯಾರ ಹಿಡಿಯುವವಳು ಈಗಲೂ ನಾನೇ. ಹತ್ತೊಂಬತ್ತು ವರ್ಷದ ಸಿಗ್ನೆ ಕಣ್ಣು ಮುಚ್ಚಿ, ಅಲುಗುವ ಹಲಗೆಯ ಮೇಲೆ ಒಂಟಿ ಕಾಲಲ್ಲಿ ನಿಂತಳು. ಏಳೇ ಸೆಕೆಂಡಿಗೆ ಕೆಳಗಿಳಿದಳು. ದೀಪ ಹೊತ್ತಿದೊಡನೆ ಗುಂಡಿ ಒತ್ತು ಎಂದರೆ, ತೂಕಡಿಸುವವಳ ಹಾಗೆ ಒತ್ತಿದಳು. ಆಮೇಲೆ ಅವಳ ಮೊಣಕೈ ತಾಗಿ ನನ್ನ ಕಾಫಿ ಲೋಟ ಮೇಜಿನಿಂದ ಜಾರಿತು. ಅದು ನೆಲ ಮುಟ್ಟುವ ಮೊದಲೇ ಬಗ್ಗಿ ಹಿಡಿದುಬಿಟ್ಟಳು.

“ಇನ್ನೊಂದ್ಸಲ ಹಲಗೆ ಹತ್ತು,” ಎಂದೆ.

“ಅಯ್ಯೋ, ಎಲ್ರೂ ಮಾಡೋದೇ ಇದು. ಇವತ್ತು ಕಮ್ಮಿ ಬರೆಸ್ಕೊಂಡ್ರೆ, ನಾಳೆ ಬಿದ್ದು ತಲೆಗೆ ಪೆಟ್ಟಾದ್ರೂ ಅಷ್ಟು ಬಂದೇ ಬರತ್ತೆ, ರೇಸಿಗೆ ಬಿಡ್ತಾರೆ. ನೀನೇನ್ ಹೊಸಬ್ಳಾ, ಬೋರ್ಗಿಲ್ಡ್?”

ಏಳು ಎಂದು ಬರೆದಿದ್ದ ಹಾಳೆಯನ್ನು ಹರಿದು ಹಾಕಿದೆ. “ನೆಟ್ಟಗೆ ನಿಲ್ಲೋ ತನಕ ನಿನ್ನನ್ನ ಬೆಟ್ಟ ಹತ್ತಿಸಲ್ಲ.”

“ತಲೆ ಕೆಟ್ಟಿದೆ ನಿಂಗೆ!” ಎಂದು ಕಿರುಚಿ ಹಲಗೆ ಹತ್ತಿದಳು. ನಲವತ್ತೊಂದು ಸೆಕೆಂಡು ನಿಂತಳು. ಇಳಿದವಳು ನನ್ನ ಮುಖವನ್ನೂ ನೋಡದೆ ಬಾಗಿಲು ಬಡಿದುಕೊಂಡು ಹೋದಳು.

ನಿನ್ನ ಎರಡು ಹಾಳೆಗಳೂ ನನ್ನ ಬಳಿ ಇವೆ. ಮೊದಲನೆಯದರಲ್ಲಿ ಒಂಬತ್ತು ಸೆಕೆಂಡು. ಅವತ್ತು ಹಲಗೆಯಿಂದ ಇಳಿದು ನೀನು ಕಣ್ಣು ಹೊಡೆದೆ, ನಾನು ನಗುತ್ತಾ ಬರೆದುಕೊಂಡೆ. ಎರಡನೆಯದು ಮಾರ್ಚಿನದು. ನೀನು ಇಳಿಜಾರಿನಲ್ಲಿ ಬಿದ್ದು ತಲೆಗೆ ಪೆಟ್ಟಾದ ಮರುದಿನದ್ದು, ನಿನ್ನ ಕೊನೆಯ ರೇಸಿನ ಹಿಂದಿನ ದಿನದ್ದು. ಅದರಲ್ಲೂ ಒಂಬತ್ತೇ. ಆದರೆ ಅವತ್ತು ಇಳಿದಾಗ ನೀನು ಕಣ್ಣು ಹೊಡೆಯಲಿಲ್ಲ. ನನ್ನ ಭುಜ ಹಿಡಿದುಕೊಂಡೆ.

ಎರಡರ ಕೆಳಗೂ ನನ್ನ ಸಹಿ ಇದೆ.