ಆರಾಮವಾಗಿದ್ದೇನೆ ಎನ್ನಬೇಡಿ

ಮನೆಯಿಂದ, ಹೊಲಿಗೆ ಮೆಷಿನ್ನಿನ ಪಕ್ಕ ಕೂತು
ಗುರುವಾರ, ಬೆಳಿಗ್ಗೆ

ಪ್ರೀತಿಯ ರೀ,

ಜ್ವರ ಬಂದಿಲ್ಲ ತಾನೆ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಪಕ್ಕದ ಮಂಚದವರು ಕೆಮ್ಮುತ್ತಾರೆಂದು ಫೋನಿನಲ್ಲಿ ಹೇಳಿದಿರಿ. ಅವರು ಎಷ್ಟೇ ಒಳ್ಳೆಯವರಿರಲಿ, ಆ ಕಡೆ ಮುಖ ಮಾಡಿ ಮಲಗಬೇಡಿ. ಮಾಸ್ಕು ಮೂಗಿನ ಮೇಲಿರಲಿ, ಗಲ್ಲಕ್ಕೇನೂ ಸೋಂಕು ತಗಲುವುದಿಲ್ಲ. ಇಲ್ಲಿ ಅತ್ತೆಯವರಿಗೆ ಹಲ್ಲುನೋವು. ಕೆನ್ನೆ ಬನ್ನಿನ ಹಾಗೆ ಊದಿದೆ, ಕೇಳಿದರೆ "ಏನಿಲ್ಲಮ್ಮ, ಆರಾಮಾಗಿದೀನಿ" ಅನ್ನುತ್ತಾರೆ. ನಿಮಗೆ ಆ ಮಾತು ಯಾವ ಕಡೆಯಿಂದ ಬಂತೆಂದು ನಾನು ಬೇರೆ ಹುಡುಕಬೇಕಾಗಿಲ್ಲ. ನಾನು ದಿನವಿಡೀ ಮಾಸ್ಕು ಹೊಲಿಯುತ್ತಿದ್ದೇನೆ. ಲಂಗ ರವಿಕೆ ಹೊಲಿಸುವವರು ಯಾರೂ ಇಲ್ಲ. ಹಾಕಿಕೊಂಡು ಹೋಗುವುದಾದರೂ ಎಲ್ಲಿಗೆ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮಗೆ ಗುದ್ದಿದ ಕಾರಿನ ವಿಮಾ ಕಂಪನಿಯ ಆ ಮನುಷ್ಯ, ನೀವು "ದೇವರಂಥವರು" ಅಂತ ಹೊಗಳಿದಿರಲ್ಲ, ಮೊನ್ನೆ ಮತ್ತೆ ಬಂದಿದ್ದರು. ನಾನು ಅವರಿಗೆ ಫೈಲಿನವರು ಅಂತಲೇ ಹೆಸರಿಟ್ಟಿದ್ದೇನೆ. ಕಂಕುಳಲ್ಲಿ ಫೈಲಿಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ, ಮಾಸ್ಕಿನಿಂದಾಗಿ ಮುಖವನ್ನಂತೂ ಇವತ್ತಿನವರೆಗೂ ಕಂಡಿಲ್ಲ. ಗೇಟಿನಾಚೆ ನಿಂತು, ಪೆನ್ನಿಗೆ ಸ್ಯಾನಿಟೈಸರ್ ಸಿಂಪಡಿಸಿ, "ಅಮ್ಮ ಹೇಗಿದ್ದಾರೆ, ಯಜಮಾನರು ಹೇಗಿದ್ದಾರೆ, ನೋವು ಕಡಿಮೆಯಾಯ್ತಾ" ಎಂದು ಒಂದೇ ಸಮ ವಿಚಾರಿಸಿದರು. ಮಾತೆಲ್ಲ ಬೆಣ್ಣೆ. ಅತ್ತೆ ಕಿಟಕಿಯಿಂದಲೇ "ದೇವರ ದಯೆ, ನಮ್ಮ ಹುಡುಗ ಚೆನ್ನಾಗಿದಾನೆ" ಎಂದುಬಿಟ್ಟರು. ಫೈಲಿನವರು ಅದನ್ನು ಬರೆದುಕೊಂಡರು. ಅಲ್ಲೇ ನನ್ನ ಕಿವಿ ನೆಟ್ಟಗಾಯಿತು. ಕುಶಲ ಕೇಳಿದವರು ಯಾರಾದರೂ ಉತ್ತರವನ್ನು ಗಂಟೆ ನಿಮಿಷದ ಸಮೇತ ಬರೆದುಕೊಳ್ಳುತ್ತಾರೆಯೇ? ನನ್ನ ತಂಗಿಯ ಮದುವೆಯಲ್ಲಿ ಮುನ್ನೂರು ಜನ ನನ್ನ ಕುಶಲ ಕೇಳಿದರು, ಒಬ್ಬರ ಕೈಯಲ್ಲೂ ಪೆನ್ನಿರಲಿಲ್ಲ.

ಏನು ಬರೆದಿರಿ ಅಂತ ಕೇಳಿದೆ. "ಸುಮ್ನೆ ಫಾರ್ಮಾಲಿಟಿ ಅಮ್ಮ" ಎಂದು ನಕ್ಕರು. ನಗು ಮಾಸ್ಕಿನೊಳಗಿತ್ತು, ಕಣ್ಣು ನಗಲಿಲ್ಲ. ಒಂದು ನಕಲು ಕೊಡದೆ ಗೇಟಿನ ಚಿಲಕ ಬಿಡುವುದಿಲ್ಲ ಎಂದು ಹಿಡಿದು ನಿಂತೆ. ಕೊನೆಗೆ ಕೊಟ್ಟರು. ಅದನ್ನು ಕೋರ್ಟು ಮಾವನಿಗೆ ತೋರಿಸಿದೆ. ಎದುರು ಮನೆಯವರು, ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಅವರಿಗೆ ಇಂಥ ಕಾಗದ ನೀರು ಕುಡಿದಷ್ಟು ಸಲೀಸು. ಕನ್ನಡಕ ಏರಿಸಿ, ಒಂದೊಂದು ಸಾಲಿಗೂ ಬೆರಳಿಟ್ಟು ಓದಿ ಹೇಳಿದರು. ಅದರಲ್ಲಿ ಏನಿದೆ ಗೊತ್ತೇ? "ಗಾಯಾಳುವನ್ನು ಮೂರು ಬಾರಿ ದೂರವಾಣಿಯಲ್ಲಿ ವಿಚಾರಿಸಲಾಗಿ, ಮೂರು ಬಾರಿಯೂ ಆರಾಮವಾಗಿದ್ದೇನೆ ಎಂದು ತಾವೇ ತಿಳಿಸಿರುತ್ತಾರೆ." ಮೂರೂ ಕರೆಯನ್ನು ರೆಕಾರ್ಡು ಮಾಡಿಕೊಂಡಿದ್ದಾರಂತೆ. ಅದರ ಕೆಳಗೆ, ಕಾಲಿಗೆ ಸಣ್ಣ ಪೆಟ್ಟು, ವಾಸಿಯಾಗಿದೆ, ಮುಂದೆ ಯಾವ ಬೇಡಿಕೆಯೂ ಇಲ್ಲ ಅಂತ ಬರೆದು, ನಿಮ್ಮ ಸಹಿಗೆ ಒಂದು ಗೆರೆ ಬಿಟ್ಟಿದ್ದಾರೆ. ಆ ಕಾಗದ ಶನಿವಾರ ವಾರ್ಡಿಗೆ ಬರುತ್ತದಂತೆ, ಫೈಲಿನವರೇ ಹೇಳಿದರು. ಹೆಂಡತಿಯನ್ನು ಬಾಗಿಲಿನ ಹತ್ತಿರವೂ ಬಿಡದ ಆಸ್ಪತ್ರೆಯೊಳಗೆ ಅದು ಹೇಗೆ ಹೋಗುತ್ತದೋ ನನಗೆ ತಿಳಿಯದು. ಆ ಗೇಟಿನ ಕಾವಲುಗಾರನ ಮೇಲೂ ನನಗೆ ಒಂದು ಕಣ್ಣಿದೆ.

ನೀವು ಈಗ ನಗುತ್ತಿರುತ್ತೀರಿ, ಇವಳದ್ದು ಶುರುವಾಯಿತು ಅಂತ. ನಗಿ. ಆದರೆ ನಿಮ್ಮನ್ನು ನಾನು ಬಲ್ಲೆ. ಊರಿಗೆ ಊರೇ ಬಾಗಿಲು ಹಾಕಿಕೊಂಡು ರಸ್ತೆಯಲ್ಲಿ ನರಪಿಳ್ಳೆ ಇಲ್ಲದಾಗಲೂ ಕೆಂಪು ದೀಪ ಕಂಡರೆ ಸ್ಕೂಟರ್ ನಿಲ್ಲಿಸಿ ಕಾಯುವ ಮನುಷ್ಯ ನೀವು. ಅವತ್ತೂ ಹಿಂದಿನ ಸೀಟಿಗೆ ಔಷಧಿ ಅಂಗಡಿಯ ಡಬ್ಬ ಕಟ್ಟಿಕೊಂಡು, ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಹಸಿರು ಬಂದ ಮೇಲೆಯೇ ಹೊರಟಿರಿ. ಖಾಲಿ ರಸ್ತೆ ತನ್ನಪ್ಪನದು ಅಂದುಕೊಂಡ ಆ ಬಿಳಿ ಕಾರಿನವನು ಕೆಂಪು ದೀಪವನ್ನು ಲೆಕ್ಕಕ್ಕೇ ಇಡದೆ ನುಗ್ಗಿದ. ಅಷ್ಟಾದರೂ, ಕಾಲು ಸ್ಕೂಟರಿನಡಿ ಸಿಕ್ಕಿಕೊಂಡಿದ್ದಾಗ, ಅವನು ಓಡಿಬಂದು ಗಾಬರಿಯಿಂದ ಕೇಳಿದರೆ ನೀವು ಹೇಳಿದ್ದೇನು? "ಪರವಾಗಿಲ್ಲ ಬಿಡಿ ಸರ್." ಮೂಲೆಯಲ್ಲಿದ್ದು ಎಲ್ಲ ನೋಡಿದ ಹಣ್ಣಿನ ಗಾಡಿಯವರು ನನಗೆ ಹೇಳುವಾಗ ತಲೆ ಚಚ್ಚಿಕೊಂಡರು. ಆ ಪರವಾಗಿಲ್ಲವೂ ಈಗ ಫೈಲಿನಲ್ಲಿ ಹೋಗಿ ಕೂತಿದೆ, ಕಾರಿನವನೇ ಒಪ್ಪಿಸಿದ್ದಾನೆ. ನಾವು ಮರ್ಯಾದೆಗೆ ಆಡುವ ಮಾತನ್ನೆಲ್ಲ ಅವರು ಸಾಕ್ಷಿ ಮಾಡಿಕೊಳ್ಳುತ್ತಿದ್ದಾರೆ.

ಕೋರ್ಟು ಬಾಗಿಲು ಹಾಕಿದೆ, ತೆರೆಯುವುದು ಯಾವ ಕಾಲಕ್ಕೋ, ಈಗಲೇ ಮುಗಿಸಿಕೊಂಡರೆ ನಿಮಗೇ ಒಳ್ಳೆಯದು ಅಂತ ಫೈಲಿನವರು ನಿಮ್ಮ ಹತ್ತಿರವೂ ಹೇಳಿರಬೇಕು. ನನಗಂತೂ ಎರಡು ಸಲ ಹೇಳಿದರು. ಕೋರ್ಟು ಮಾವ ಹೇಳುವುದು ಬೇರೆ. ಬಾಗಿಲು ಹಾಕಿದರೇನು, ಹಕ್ಕು ಎಲ್ಲಿಗೂ ಓಡಿಹೋಗುವುದಿಲ್ಲ, ಆದರೆ ಒಮ್ಮೆ ಸಹಿ ಬಿತ್ತೋ ಬ್ರಹ್ಮ ಬಂದರೂ ಬಿಡಿಸುವುದು ಕಷ್ಟ. ಅದಕ್ಕೇ ಕೈಮುಗಿದು ಕೇಳುತ್ತೇನೆ: ಶನಿವಾರ ಯಾವುದಕ್ಕೂ ಸಹಿ ಹಾಕಬೇಡಿ. ಹಸ್ತಾಕ್ಷರ ಚೆನ್ನಾಗಿದೆ ಎಂದು ಹೊಗಳಿದರೂ ಹಾಕಬೇಡಿ. ಹೇಗಿದ್ದೀರಿ ಅಂತ ಕೇಳಿದರೆ "ಡಾಕ್ಟರನ್ನು ಕೇಳಿ" ಅನ್ನಿ. ಮರ್ಯಾದೆಗೆಟ್ಟವನು ಅಂದುಕೊಂಡರೆ ಅಂದುಕೊಳ್ಳಲಿ, ಆ ಹೆಸರು ನನ್ನ ತಲೆಗಿರಲಿ.

ಬಟ್ಟೆಯ ಚೀಲದಲ್ಲಿ ಈ ಪತ್ರ ಇಡುತ್ತಿದ್ದೇನೆ. ಚೀಲ ತಂದು ಒಯ್ಯುವ ಆಯಾಗೆ ನಾಲ್ಕು ಮಾಸ್ಕು ಹೊಲಿದಿಟ್ಟಿದ್ದೇನೆ, ಕೊಡಿ. ವಾರ್ಡಿನ ಸಿಸ್ಟರಿಗೆ ನನ್ನ ನಮಸ್ಕಾರ. ಅತ್ತೆ ಆಶೀರ್ವಾದ ಕಳಿಸಿದ್ದಾರೆ, ಊದಿದ ಕೆನ್ನೆಯಿಂದಲೇ.

ನಿಮ್ಮ,
ಅನುಮಾನಮ್ಮ
(ನೀವೇ ಇಟ್ಟ ಹೆಸರು, ಬೇಡವೆಂದರೂ ಬಿಡಲಿಲ್ಲ)

ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಇಷ್ಟು ಹೊತ್ತು ಬರೆಯಲು ಧೈರ್ಯ ಸಾಲಲಿಲ್ಲ. ಹೋದ ವಾರ ಒಗೆಯಲು ಬಂದ ಎರಡು ಪಾಯಿಜಾಮಗಳಲ್ಲೂ ಎಡಗಾಲಿನ ಅಂಚು ಕೊಳೆಯಾಗಿದೆ. ಬಲಗಾಲಿನ ಅಂಚು ನಾನು ಇಸ್ತ್ರಿ ಮಾಡಿದ ಹಾಗೇ ಇದೆ. ಮೊಣಕಾಲಿನ ಕೆಳಗೆ ಅಡ್ಡ ಮಡಿಕೆ, ಅದರ ಮೇಲೆ ಪಿನ್ನು ಚುಚ್ಚಿದ ಎರಡೆರಡು ತೂತು. ಇಷ್ಟು ವರ್ಷ ಬಟ್ಟೆ ಹೊಲಿದವಳಿಗೆ ಬಟ್ಟೆ ಸುಳ್ಳು ಹೇಳುವುದಿಲ್ಲ ರೀ. ಫೈಲಿನವರಿಗೆ ಕೊಟ್ಟ ಉತ್ತರವನ್ನೇ ನನಗೂ ಕೊಡುತ್ತಾ ಬಂದಿರಿ. ಸಿಟ್ಟಿಲ್ಲ, ಅಳುತ್ತಿದ್ದೇನೆ, ಅಷ್ಟೇ. ಅತ್ತೆಗೆ ಇನ್ನೂ ಹೇಳಿಲ್ಲ. ಕಾಲು ತೆಗೆದ ಬಗ್ಗೆ ಡಾಕ್ಟರಿಂದ ಇವತ್ತೇ ಬರೆಸಿಕೊಂಡು ಆಯಾ ಕೈಲಿ ಕಳಿಸಿ, ಕೋರ್ಟು ಮಾವ ಕಾಯುತ್ತಿದ್ದಾರೆ. ಪಿನ್ನು ಹಾಕಿಕೊಳ್ಳಬೇಡಿ, ನಿದ್ದೆಯಲ್ಲಿ ಚುಚ್ಚೀತು. ಬಲಗಾಲನ್ನು ಎಲ್ಲಿಗೆ ನಿಲ್ಲಿಸಲಿ, ಅಳತೆ ಕಳಿಸಿ, ನಾನೇ ಹೊಲಿದು ಕೊಡುತ್ತೇನೆ.